ಲಚ್ಚಿಯ ಬೆನ್ನಿಗೆ ಶಿವನ ಜೇನು

ನಮ್ಮ ಮನೆಯಲ್ಲಿ ದೊಡ್ಡಪ್ಪನೂ ಅವ್ವನೂ ಒಬ್ಬರ ಜೊತೆ ಒಬ್ಬರು ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ, ಅದು ಪದ್ಧತಿ. ದೊಡ್ಡಪ್ಪ ಎಂದರೆ ನನ್ನ ಅಪ್ಪನ ಅಣ್ಣ, ಮನೆಯ ಯಜಮಾನ. ಗಂಡನ ಅಣ್ಣನ ಎದುರಿಗೆ ತಮ್ಮನ ಹೆಂಡತಿ ನಿಲ್ಲಬಾರದು, ಮುಖ ಎತ್ತಿ ಮಾತಾಡಬಾರದು, ಅವರು ಹಜಾರದಲ್ಲಿ ಕೂತಿದ್ದರೆ ಇವಳು ನಡುಮನೆಯ ಬಾಗಿಲ ಹಿಂದೆ ಸರಿದುಕೊಳ್ಳಬೇಕು. ಅಕ್ಕಪಕ್ಕದ ಮನೆಗಳಲ್ಲಿ ಈ ಪದ್ಧತಿ ಆಗಲೇ ಸಡಿಲವಾಗಿತ್ತು. ನಮ್ಮಲ್ಲಿ ಮಾತ್ರ ಗೂಟ ಹೊಡೆದ ಹಾಗೆ ನಿಂತಿತ್ತು, ಯಾಕೆಂದರೆ ಅದನ್ನು ನಡೆಸಿಕೊಂಡು ಹೋಗುವುದಕ್ಕೆ ನಮ್ಮ ಮನೆಯಲ್ಲಿ ಒಂದು ಅನುಕೂಲವಿತ್ತು. ಆ ಅನುಕೂಲ ನಾನು. ಮಾತು ಬಂದ ದಿನದಿಂದ ನಾನು ಆ ಮನೆಯ ಟೆಲಿಫೋನು. ಊಟಕ್ಕೆ ಕೂತ ದೊಡ್ಡಪ್ಪ ಮುದ್ದೆ ಮುರಿದು ಹುರುಳಿಸಾರಿಗೆ ಅದ್ದಿ ಬಾಯಿಗಿಟ್ಟು, ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತ ಅವ್ವನಿಗೆ ಚೆನ್ನಾಗಿ ಕೇಳುವಷ್ಟು ಗಟ್ಟಿಯಾಗಿ ನನಗೆ ಹೇಳುತ್ತಿದ್ದರು:

"ಮಗಾ, ಸಾರಿಗೆ ಉಪ್ಪು ಒಂದ್ ಕಲ್ಲು ಜಾಸ್ತಿ ಆಗದೆ ಅಂತ ನಿಮ್ಮವ್ವಂಗೆ ಏಳು."

ನಾನು ಎದ್ದು, ಎರಡು ಹೆಜ್ಜೆ ಒಲೆಯ ಕಡೆ ನಡೆದು, ಅದನ್ನೇ ಮತ್ತೆ ಹೇಳಬೇಕು. ಅಲ್ಲಿಯವರೆಗೆ ಅವ್ವನಿಗೆ ಅದು ಕೇಳಿಸಿಲ್ಲವೆಂದೇ ಲೆಕ್ಕ.

"ನಾಳಿಂದ ನೋಡಿ ಆಕ್ತೀನಿ ಅಂತ ನಿಮ್ಮ ದೊಡ್ಡಪ್ಪಂಗೆ ಏಳು."

ಮತ್ತೆ ಎರಡು ಹೆಜ್ಜೆ ವಾಪಸ್ಸು. ಹೀಗೆ ಓಡಾಡಿ ಓಡಾಡಿ ನನಗೆ ಒಂದು ಚಾಳಿ ಬಂದುಬಿಟ್ಟಿತ್ತು. ಖಾರದ ಮಾತಿದ್ದರೆ ದಾರಿಯಲ್ಲೇ ಸ್ವಲ್ಪ ಖಾರ ತೆಗೆದುಬಿಡುತ್ತಿದ್ದೆ. ಎರಡು ಕಡೆಯವರಿಗೂ ಮೂಲ ಮಾತು ಕೇಳಿಸಿಯೇ ಇರುತ್ತಿತ್ತು, ಆದರೆ ನಾನು ತಲುಪಿಸಿದ್ದೇ ಅಧಿಕೃತ. ಅಜ್ಜಿ ಮಾತ್ರ ಹಜಾರದ ಕಂಬಕ್ಕೆ ಒರಗಿ, ಹಣೆಯ ವಿಭೂತಿ ಸುಕ್ಕಾಗುವಂತೆ ನಗುತ್ತ, "ಪೋಸ್ಟ್ ಮಾಸ್ಟ್ರು ಕಾಗ್ದ ಒಡ್ದು ಓದ್ಬುಟ್ಟು ಕೊಡ್ತಾವ್ಳೆ" ಎನ್ನುತ್ತಿದ್ದಳು.

ನುಗ್ಗೇಹಳ್ಳಿಯಿಂದ ಎರಡು ಮೈಲಿ ಒಳಗೆ, ಹೊಲ ಮತ್ತು ತೆಂಗಿನ ನಡುವೆ ನಮ್ಮ ಮನೆ. ಹಜಾರದ ಒಂದು ಮಗ್ಗುಲಿಗೆ ಕೊಟ್ಟಿಗೆ. ನಡುವೆ ಮೊಳಕಾಲೆತ್ತರದ ಗೋಡೆ ಅಷ್ಟೆ. ಹಾಗಾಗಿ ನಾವು ಉಣ್ಣುವಾಗ ದನಗಳು ನಮ್ಮನ್ನು ನೋಡುತ್ತಿದ್ದವು, ಅವು ಮೆಲುಕು ಹಾಕುವಾಗ ನಾವು ಅವನ್ನು ನೋಡುತ್ತಿದ್ದೆವು. ದೊಡ್ಡಪ್ಪ ಹೆಂಡತಿ ತೀರಿಕೊಂಡ ಮೇಲೆ ಮತ್ತೆ ಮದುವೆಯಾಗಲಿಲ್ಲ. ದನದ ವಿಷಯದಲ್ಲಿ ಅವರನ್ನು ಮೀರಿಸುವವರು ಸುತ್ತ ಹತ್ತು ಊರಿನಲ್ಲಿ ಇಲ್ಲವೆಂದು ಅವರೇ ಹೇಳುತ್ತಿದ್ದರು, ಅದು ಸುಳ್ಳೂ ಆಗಿರಲಿಲ್ಲ. ಅಪ್ಪ ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದರು. ಬೆಳಗಿನ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ಬರುವುದು. ಮನೆಯ ಯಾವ ವಿಷಯ ಕೇಳಿದರೂ ಅವರದು ಒಂದೇ ಉತ್ತರ, "ಅಣ್ಣ ಏಳ್ದಂಗೆ." ಅಷ್ಟು ಒಳ್ಳೆಯ ಮನುಷ್ಯನ ಮೇಲೆ ನನಗೆ ಅಷ್ಟು ಸಿಟ್ಟು ಯಾಕೆ ಬರುತ್ತಿತ್ತು ಎಂದು ಆಗ ಗೊತ್ತಿರಲಿಲ್ಲ, ಈಗ ಗೊತ್ತು.

ಅವ್ವನ ತವರು ದೂರ, ಅರಕಲಗೂಡಿನ ಆಚೆ, ರುದ್ರಪಟ್ಟಣದ ಹತ್ತಿರದ ಒಂದು ಹಳ್ಳಿ. ಮದುವೆಯ ದಿನ ಅಲ್ಲಿ ತಾಂಬೂಲವನ್ನು ಗಂಡಿನ ಕಡೆಯ ಯಜಮಾನರಿಗಿಂತ ಮೊದಲು ಬೇರೆ ಯಾರ ಕೈಗೋ ಕೊಟ್ಟುಬಿಟ್ಟರಂತೆ. ಅವತ್ತಿನಿಂದ ದೊಡ್ಡಪ್ಪ ಆ ಊರಿನ ಕಡೆ ಕಾಲಿಟ್ಟಿರಲಿಲ್ಲ. ಆ ಮನೆಯಿಂದ ನಮ್ಮ ಮನೆಗೆ ಬಂದು ನೆಲೆ ನಿಂತ ವಸ್ತುಗಳು ಎರಡೇ. ಒಂದು, ಲಚ್ಚಿ ಎಂಬ ಬೂದುಬಣ್ಣದ ನಾಟಿ ಹಸು. ನಾನು ಹುಟ್ಟಿದಾಗ ಅವ್ವನ ಮಡಿಲಿಗೆ ಅಂತ ಕೊಟ್ಟ ಹಸುವಿನ ಕರು ಅದು. ಇನ್ನೊಂದು ಜೇನು. ಅವ್ವನ ಅಣ್ಣ, ನನ್ನ ಮಾವ, ಪೆಟ್ಟಿಗೆಯಲ್ಲಿ ತುಡುವೆ ಜೇನು ಸಾಕಿದ್ದರು. ವರ್ಷಕ್ಕೊಂದು ಸಲ ಎರಡು ಸೇರು ಜೇನು ತಂದು ಅಜ್ಜಿಯ ಕೈಗಿಟ್ಟು, ನೀರು ಕುಡಿದು, ಅದೇ ಬಸ್ಸಿಗೆ ಹಿಂದಿರುಗುತ್ತಿದ್ದರು. ಸೊಸೆಯ ತವರಿನಿಂದ ಬಂದ ಕಡಲೆಕಾಯಿಗೆ ಹುಳ, ಬೆಲ್ಲಕ್ಕೆ ಮರಳು ಎಂದು ಹೆಸರಿಡುತ್ತಿದ್ದ ಅಜ್ಜಿ ಜೇನಿಗೆ ಮಾತ್ರ ಏನೂ ಅನ್ನುತ್ತಿರಲಿಲ್ಲ. ಅದು ದೇವರ ಮನೆಯ ಪಿಂಗಾಣಿ ಜಾಡಿ ಸೇರುತ್ತಿತ್ತು, ಶಿವರಾತ್ರಿಯ ಅಭಿಷೇಕಕ್ಕೆ. ಕೆಮ್ಮಿಗೆ ಒಂದು ಚಮಚ ಕೇಳಿದರೂ ಅಜ್ಜಿ ಕೊಡುತ್ತಿರಲಿಲ್ಲ. ಮೆಣಸಿನ ಕಷಾಯ ಕುಡಿ ಎನ್ನುತ್ತಿದ್ದಳು.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷದ ಸಂಕ್ರಾಂತಿ. ನಮ್ಮ ಕಡೆ ಅವತ್ತು ಸಾಯಂಕಾಲ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಮೈ ತೊಳೆದು, ಅರಿಸಿನ ಬಳಿದು, ಕೊಂಬಿಗೆ ಬಣ್ಣ ಹೊಡೆದು, ಊರಾಚೆಯ ರಸ್ತೆಗೆ ಅಡ್ಡಲಾಗಿ ಹುಲ್ಲು ಹಾಸಿ ಬೆಂಕಿ ಕೊಟ್ಟು, ಅದರ ಮೇಲೆ ದನ ಓಡಿಸುವುದು. ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಬಿಡುತ್ತವೆ. ದನದ ಮೈಯ ಉಣ್ಣೆ ಉದುರುತ್ತದೆ, ದೃಷ್ಟಿ ಕಳೆಯುತ್ತದೆ ಎನ್ನುತ್ತಾರೆ. ಆ ವರ್ಷ ಮೇಲಿನ ಬೀದಿಯವರ ಎತ್ತಿಗೆ ಬೆನ್ನ ತುಂಬ ಮಿರುಗುವ ಗೌನು ಹೊದಿಸಿದ್ದರು. ಅದನ್ನು ನೋಡಿ ನನಗೆ ಹೊಟ್ಟೆ ಉರಿದುಹೋಯಿತು. ನಮ್ಮ ಲಚ್ಚಿಗೆ ಚೆಂಡುಹೂವಿನ ಹಾರ ಬಿಟ್ಟರೆ ಏನಿತ್ತು? ಅವ್ವ ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತಿದ್ದಾಗ ನಾನು ನಡುಮನೆಯ ಟ್ರಂಕು ತೆಗೆದು, ಅವಳ ಗುಲಾಬಿ ಬಣ್ಣದ ನೈಲಾನ್ ಸೀರೆ ಎಳೆದುಕೊಂಡು ಹೋಗಿ, ನಾಲ್ಕು ಮಡಿಕೆ ಮಾಡಿ ಲಚ್ಚಿಯ ಬೆನ್ನಿಗೆ ಹಾಕಿ ಹೊಟ್ಟೆಯಡಿ ಬಿಗಿದು ಗಂಟು ಹಾಕಿದೆ. ಹಗ್ಗ ಹಿಡಿದು ಹೊರಟಿದ್ದ ದೊಡ್ಡಪ್ಪ ನೋಡಿ, ಅವ್ವನೇ ಕೊಟ್ಟಿದ್ದಾಳೆ ಅಂದುಕೊಂಡರು. ಅವ್ವನ ಬಟ್ಟೆಯ ಬಗ್ಗೆ ಅವರು ಮಾತಾಡುವ ಹಾಗಿರಲಿಲ್ಲವಲ್ಲ, ಸುಮ್ಮನಾದರು.

ಹತ್ತಿಬಟ್ಟೆಯಾಗಿದ್ದರೆ ಅಂಚು ಕರಿಯಾಗಿ ಮುಗಿದುಹೋಗುತ್ತಿತ್ತೇನೋ. ನೈಲಾನು ಹಾಗಲ್ಲ. ಲಚ್ಚಿ ಕಿಚ್ಚು ದಾಟಿ ಹತ್ತು ಮಾರು ಓಡಿದ ಮೇಲೆ ನೋಡುತ್ತೇವೆ, ಸೀರೆ ಉರಿಯುತ್ತಿತ್ತು, ಉರಿಯುತ್ತ ಕರಗಿ ಬೆನ್ನಿಗೆ ಅಂಟುತ್ತಿತ್ತು. ಅವಳು ಕೂಗಿದ ಕೂಗು ಅಂಬಾ ಅನ್ನುವ ಕೂಗಲ್ಲ. ಜನ ಗೋಣಿಚೀಲ ಒದ್ದೆ ಮಾಡಿ ಒತ್ತಿ ಆರಿಸಿದರು. ಆಮೇಲೆ ನೋಡಿದರೆ ಬೆನ್ನೆಲುಬಿನಿಂದ ಎಡ ಪಕ್ಕೆಯವರೆಗೆ ಮುತ್ತುಗದ ಊಟದೆಲೆಯಷ್ಟು ಅಗಲಕ್ಕೆ ಕೂದಲಿಲ್ಲ, ಚರ್ಮ ಬೆಳ್ಳಗಾಗಿ, ನಡುನಡುವೆ ಗುಲಾಬಿ ಬಣ್ಣದ ಗಟ್ಟಿ ಅಂಟು. ಮನೆಗೆ ಹೊಡೆದುಕೊಂಡು ಬಂದ ಕೂಡಲೇ ಅವ್ವ ಕೊಡ ಹಿಡಿದು ಬಂದು ಆ ಜಾಗದ ಮೇಲೆ ತಣ್ಣೀರು ಹೊಯ್ಯತೊಡಗಿದಳು. ದೊಡ್ಡಪ್ಪ ಹಜಾರದಿಂದ ನನ್ನನ್ನು ಕರೆದರು.

"ಸುಟ್ಟದ್ದಕ್ಕೆ ನೀರ್ ಆಕ್ಬಾರ್ದು, ಬೊಬ್ಬೆ ಏಳ್ತದೆ. ನಿಲ್ಸು ಅಂತ ನಿಮ್ಮವ್ವಂಗೆ ಏಳು. ಸಗಣಿ ಮೆತ್ಲಿ."

ನಾನು ಅವ್ವನ ಹತ್ತಿರ ಹೋದೆ. ನೀರು ಬಿದ್ದಾಗಲೆಲ್ಲ ಲಚ್ಚಿಯ ನಡುಕ ಕಡಿಮೆಯಾಗುವುದನ್ನು ನಾನೇ ನೋಡಿದ್ದೆ. ನನ್ನ ಜೀವಮಾನದ ಅತಿ ದೊಡ್ಡ ಸುಳ್ಳನ್ನು ಅಲ್ಲಿ ಹೇಳಿದೆ.

"ಇನ್ನೂ ನೀರು ಉಯ್ಯಿ ಅಂದ್ರು ದೊಡ್ಡಪ್ಪ."

ಅವ್ವ ನನ್ನ ಮುಖ ನೋಡಿದಳು. ಅವಳಿಗೆ ದೊಡ್ಡಪ್ಪನ ಮಾತು ನೇರವಾಗಿ ಕೇಳಿಸಿತ್ತು, ಆದರೆ ಕೇಳಿಸಿಲ್ಲವೆಂದೇ ಲೆಕ್ಕವಲ್ಲ! ಮತ್ತೆ ಬೋರಿಗೆ ಹೋಗಿ ಕೊಡ ತುಂಬಿದಳು. ಅಪ್ಪ ಬಸ್ಸಿಳಿದು ಬರುವವರೆಗೂ ತುಂಬಿ ತುಂಬಿ ಹೊಯ್ದಳು. ನಮ್ಮ ಪದ್ಧತಿ ಯಾರಿಗಾದರೂ ಒಳ್ಳೆಯದು ಮಾಡಿದ್ದರೆ ಅದು ಅವತ್ತು ಒಂದು ಹಸುವಿಗೆ. ಆದರೆ ಆ ಸಂಜೆ ಇನ್ನೊಂದು ಮಾತನ್ನೂ ನಾನು ಸಾಗಿಸಬೇಕಾಯಿತು, ಅದನ್ನು ಬದಲಾಯಿಸುವ ಧೈರ್ಯ ನನಗೆ ಬರಲಿಲ್ಲ.

"ಸೀರೆ ಉಡ್ಸಾಕೆ ದನ ಏನು ಮದ್ವೆ ಎಣ್ಣಾ ಅಂತ ಕೇಳು ನಿಮ್ಮವ್ವನ್ನ. ತವ್ರಿಂದ ಬಂದ ಬುದ್ದಿ ಇದೇಯಾ ಅಂತ ಕೇಳು."

ನನಗೆ ಬೀಳಬೇಕಿದ್ದ ಬೈಗುಳವನ್ನು ನಾನೇ ಹೊತ್ತುಕೊಂಡು ಹೋಗಿ ಅವ್ವನಿಗೆ ತಲುಪಿಸಿದೆ. ಅವಳ ಸೀರೆ ಟ್ರಂಕಿನಿಂದ ಹೇಗೆ ಹೊರಗೆ ಬಂತೆಂದು ಅವಳಿಗೆ ಗೊತ್ತಿತ್ತು. ಒಂದು ಸಲ ನನ್ನ ಕಡೆ ನೋಡಿ, ಕೊಡ ಕೆಳಗಿಟ್ಟು ಹೇಳಿದಳು:

"ತಪ್ಪಾಯ್ತು ಅಂತ ಏಳು ನಿಮ್ಮ ದೊಡ್ಡಪ್ಪಂಗೆ."

ಅದನ್ನೂ ಹೊತ್ತುಕೊಂಡು ಬಂದು ಹೇಳಿದೆ. ನಾಚಿಕೆಗೇಡಿ ನಾನು, ಹೇಳಿದೆ. ಇವತ್ತಿಗೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಮರುದಿನ ದನದ ಡಾಕ್ಟರು ಸ್ಕೂಟರಿನಲ್ಲಿ ಬಂದರು. ಮಾತು ಕಮ್ಮಿ, ಕೈ ಚುರುಕು. ಅಂಟಿಕೊಂಡ ನೈಲಾನನ್ನು ಕೀಳುವುದಕ್ಕೆ ದೊಡ್ಡಪ್ಪ ಚಾಕು ತಂದಾಗ ಕೈ ಅಡ್ಡ ಹಿಡಿದರು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ನೆನೆಸಿ ನೆನೆಸಿ, ತಾನಾಗಿ ಸಡಿಲವಾದದ್ದನ್ನು ಮಾತ್ರ ಚಿಮಟದಲ್ಲಿ ಎತ್ತಿದರು. ಗಟ್ಟಿಯಾಗಿ ಕೂತದ್ದನ್ನು ಹಾಗೇ ಬಿಟ್ಟರು. ಸುತ್ತಲಿನ ಕೂದಲು ಕತ್ತರಿಸಿ, ಎರಡು ಇಂಜೆಕ್ಷನ್ ಕೊಟ್ಟು, ನೀರಿನಲ್ಲಿ ಯಾರು ತಣಿಸಿದ್ದು ಎಂದು ಕೇಳಿದರು. ದೊಡ್ಡಪ್ಪ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಯಾರಾದ್ರೂ ಸರಿ, ಅರ್ಧ ಹಸು ಉಳಿಸಿದ್ದಾರೆ," ಎಂದರು ಡಾಕ್ಟರು. "ಉಳಿದರ್ಧ ನಾವು ನೋಡ್ಕೋಬೇಕು. ಗಾಯ ಅಗಲ ಇದೆ. ಈ ಮುಲಾಮು ಮೂರು ದಿನಕ್ಕಷ್ಟೇ ಸಾಲುತ್ತೆ. ಆಮೇಲೆ ಜೇನುತುಪ್ಪ ಹಚ್ಚಿ, ಬಟ್ಟೆ ಕಟ್ಟಿ. ಒಳ್ಳೇ ಜೇನು ಸಿಗುತ್ತಾ?"

"ಜೇನಾ ಸಾ? ಸುಟ್ಟ ಗಾಯಕ್ಕೆ?" ದೊಡ್ಡಪ್ಪ ನಕ್ಕರು. "ನೊಣ ಊಟಕ್ಕೆ ಬತ್ತವೆ."

"ಬಟ್ಟೆ ಮುಚ್ಚಿದ್ರೆ ಬರೋಲ್ಲ. ಜೇನು ಕೀವನ್ನ ಎಳೀತದೆ, ಸತ್ತ ಚರ್ಮ ಬಿಡಿಸ್ತದೆ, ಒಳಗಿನ ಚರ್ಮ ಒಣಗೋಕೆ ಬಿಡೋಲ್ಲ. ಮಾಡಿ ನೋಡಿ ಯಜಮಾನ್ರೇ. ಆದ್ರೆ ಶುದ್ಧ ಇರಬೇಕು."

ಅಜ್ಜಿ ಕಂಬಕ್ಕೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವ್ವನ ಕಣ್ಣು ದೇವರ ಮನೆಯ ಕಡೆ ಹೋಗಿ ಹಾಗೇ ಹಿಂದಿರುಗಿದ್ದನ್ನು ನಾನು ನೋಡಿದೆ. ಕೇಳುವುದು ಯಾರು? ಶಿವನ ಜೇನನ್ನು ದನಕ್ಕೆ ಕೇಳುವುದೆಂದರೆ ಆ ಮನೆಯಲ್ಲಿ ತಲೆ ಕೊಟ್ಟ ಹಾಗೆ. ದೊಡ್ಡಪ್ಪನಿಗೂ ಅದು ಹೊಳೆಯಲಿಲ್ಲವೆಂದಲ್ಲ, ಆದರೆ ತಾಂಬೂಲ ತಪ್ಪಿಸಿದ ಮನೆಯ ಜೇನು ಅದು. ನಾಲ್ಕನೇ ದಿನ ಬೀದಿಯಲ್ಲಿ ಅಲ್ಯೂಮಿನಿಯಂ ತಪ್ಪಲೆಯ ಮೇಲೆ ಜೇನಿನ ಹುಟ್ಟು ಇಟ್ಟುಕೊಂಡು ಕೂಗುತ್ತ ಬಂದವನನ್ನು ಅವರೇ ಕರೆದು, ಹುಟ್ಟು ಹಿಂಡಿಸಿ, ಬೆರಳಲ್ಲಿ ನೆಕ್ಕಿ, ಎರಡು ಬಾಟಲಿ ಕೊಂಡರು. ನನ್ನ ಕಣ್ಣಿಗೆ ಮಣ್ಣೆರಚುವವನು ಇನ್ನೂ ಹುಟ್ಟಿಲ್ಲ ಎಂದು ಅಜ್ಜಿಗೆ ಹೇಳಿದರು. ದನದ ಗುಣ ಬಲ್ಲವರಿಗೆ ಜೇನಿನ ಗುಣವೂ ಗೊತ್ತಿರಬೇಕೆಂದೇನಿಲ್ಲವಲ್ಲ.

ಎಂಟು ದಿನ ಹಚ್ಚಿದೆವು. ಎಂಟನೆಯ ಬೆಳಿಗ್ಗೆ ನಾನು ಕೊಟ್ಟಿಗೆಗೆ ಹೋದರೆ, ಲಚ್ಚಿಯ ಹಿಂಗಾಲಿನ ಗೊರಸಿನಿಂದ ಬೆನ್ನಿನವರೆಗೆ ಇರುವೆ ಸಾಲು. ಬಟ್ಟೆ ಎತ್ತಿದರೆ ವಾಸನೆ. ಲಚ್ಚಿ ಮೇವು ಮುಟ್ಟಿರಲಿಲ್ಲ, ಕಿವಿ ಜೋಲುಬಿಟ್ಟಿದ್ದಳು. ಮತ್ತೆ ಡಾಕ್ಟರು ಬಂದರು. ಬಾಟಲಿಯ ತಳದಲ್ಲಿದ್ದದ್ದನ್ನು ಬೆರಳಿಗೆ ಹಚ್ಚಿ ನೋಡಿ, ದೊಡ್ಡಪ್ಪನ ಮುಖ ನೋಡದೆಯೇ ಹೇಳಿದರು:

"ಇದು ಬೆಲ್ಲದ ಪಾಕ. ಹುಟ್ಟು ಮಾತ್ರ ನಿಜವಾದದ್ದು."

ದೊಡ್ಡಪ್ಪ ಬಾಟಲಿಗಳನ್ನು ತಿಪ್ಪೆಗೆ ಎಸೆದು ಬಂದರು. ಮೋಸ ಹೋದ ಸಿಟ್ಟು ಮೋಸ ಮಾಡಿದವನ ಮೇಲೆ ತೀರದಿದ್ದರೆ ಎದುರಿಗಿದ್ದವರ ಮೇಲೆ ತೀರುತ್ತದೆ. ಡಾಕ್ಟರು ಗಾಯ ತೊಳೆದು ಇಂಜೆಕ್ಷನ್ ಕೊಟ್ಟು ಹೋದ ಮೇಲೆ ಹಜಾರದ ನಡುವೆ ನಿಂತು ನನ್ನನ್ನು ಕರೆದರು.

"ಕಿಚ್ಚು ಒಪ್ದೇ ಇರೋ ದನ ಮನೇಲಿ ಉಳೀಬಾರ್ದು ಅಂತ ನಮ್ಮಪ್ಪ ಏಳ್ತಿದ್ರು. ಸಿವರಾತ್ರಿ ಗಂಟ ನೋಡ್ತೀನಿ. ಅಷ್ಟ್ರೊಳಗೆ ಬೆನ್ ಮೇಲೆ ಚರ್ಮ ಬರ್ನಿಲ್ಲ ಅಂದ್ರೆ ದಲ್ಲಾಳಿಗೆ ಮಾರ್ಬುಡ್ತೀನಿ. ನಿಮ್ಮವ್ವಂಗೆ ಏಳು."

ನಾನು ಓಡಿದೆ. ಅವ್ವ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಕೋಲು ತಿರುಗಿಸುತ್ತಲೇ ಇದ್ದಳು, ತಿರುಗಿಸುತ್ತ ತಿರುಗಿಸುತ್ತ ಅವಳ ಕಣ್ಣಿನಿಂದ ನೀರು ಇಳಿಯಿತು. ಸಾಯಂಕಾಲ ಬಸ್ಸಿಳಿದು ಬಂದ ಅಪ್ಪನಿಗೆ ನಾನೇ ಎಲ್ಲ ಹೇಳಿ, ನೀನಾದರೂ ಬೇಡ ಅನ್ನು ಅಂದೆ. ಅಪ್ಪ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, "ಅಣ್ಣ ಏಳ್ದಂಗೆ ಕಣ್ ಮಗಾ" ಎಂದರು. ಆ ವರ್ಷ ಶಿವರಾತ್ರಿ ತಡವಾಗಿ ಬರುವುದಿತ್ತು. ನಾನು ಕ್ಯಾಲೆಂಡರ್ ಮುಂದೆ ನಿಂತು ಎಣಿಸಿದೆ. ಐದು ವಾರ.

ಮಾರನೆಯ ಬೆಳಿಗ್ಗೆ ಅಜ್ಜಿ ಸ್ನಾನ ಮಾಡಿ, ಕೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿ, ದೇವರ ಮನೆಯಿಂದ ಹೊರಗೆ ಬಂದಳು. ಸೊಂಟದ ಮೇಲೆ ಪಿಂಗಾಣಿ ಜಾಡಿ. ಮಡಿಸೀರೆಯಲ್ಲೇ ಹಜಾರ ದಾಟಿ, ಮೊಳಕಾಲೆತ್ತರದ ಗೋಡೆ ಹತ್ತಿ ಇಳಿದು, ಸಗಣಿ ಗಂಜಲದ ನಡುವೆ ಬಂದು ನಿಂತಳು. ದೊಡ್ಡಪ್ಪ ಬಾಯಿ ತೆರೆದುಕೊಂಡು ನೋಡಿದರು.

"ಅವ್ವಾ, ಅದು ಸಿವಂದು."

"ಗೊತ್ತು ಕಣ್ಲಾ. ನಾನೇ ಇಟ್ಟಿರಾದು. ಈ ವರ್ಸ ಅವ್ನು ಸಪ್ಪೆ ಉಣ್ಲಿ ಬುಡು. ಅವ್ನ ವಾಹ್ನದ ಕುಲ ತಾನೇ ಇದು, ಏನೂ ಅಂದ್ಕೊಳಾಕಿಲ್ಲ." ಆಮೇಲೆ ಬಾಗಿಲ ಮರೆಯಲ್ಲಿದ್ದ ಅವ್ವನ ಕಡೆ ತಿರುಗಿ, "ನೀನ್ಯಾಕ್ ಕೇಳ್ನಿಲ್ಲ? ನಿಮ್ಮಣ್ಣ ತಂದದ್ದು ಅಲ್ವಾ ಇದು? ಬಾಯಿ ಏನು ಅಡ ಇಟ್ಟಿದ್ದೀಯಾ?" ಎಂದು ಗದರಿದಳು.

ಅಜ್ಜಿ ಅವ್ವನನ್ನು ಗದರಿದ್ದು ಸಾವಿರ ಸಲ ಕೇಳಿದ್ದೇನೆ. ಅವತ್ತಿನ ಗದರಿಕೆಯಲ್ಲಿ ಇದ್ದ ಪ್ರೀತಿಯನ್ನು ಮಾತ್ರ ಮತ್ತೆಂದೂ ಕೇಳಲಿಲ್ಲ. ಜಾಡಿಯನ್ನು ಅವ್ವನ ಕೈಗೆ ಕೊಟ್ಟು ಅಜ್ಜಿ ಎರಡನೆಯ ಸಲ ಸ್ನಾನಕ್ಕೆ ಹೋದಳು. ನಾನು ಯಾರೂ ಹೇಳದೆಯೇ ಗಾಯ ತೊಳೆಯುವ ಕೆಲಸ ನನ್ನದು ಅಂದೆ. ಅವ್ವ ಬೇಡ ಅನ್ನಲಿಲ್ಲ.

ಶಾಲೆಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ. ಅಪ್ಪನ ಹಳೆಯ ಪಂಚೆ ಹರಿದು, ಕುದಿಸಿ, ಬಿಸಿಲಿಗೆ ಒಣಗಿಸಿ ಇಟ್ಟಿರುತ್ತಿದ್ದೆವು. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ನಾನು ಗಾಯ ತೊಳೆಯುವುದು. ಅವ್ವ ಬಟ್ಟೆಯ ಮೇಲೆ ದೋಸೆಗೆ ಬೆಣ್ಣೆ ಸವರಿದ ಹಾಗೆ ಜೇನು ಸವರುವುದು. ಗಾಯದ ಮೇಲೆ ಅದನ್ನು ಹಾಸಿ, ಮೇಲೊಂದು ಒಣ ಬಟ್ಟೆ ಹೊದಿಸಿ, ಹೊಟ್ಟೆಯಡಿ ಪಟ್ಟಿ ಕಟ್ಟುವುದು. ನೊಣ ಬಾರದ ಹಾಗೆ ಗಾಯದ ಆಚೆಗೆ, ಸುತ್ತ ಬೇವಿನೆಣ್ಣೆ. ಮೊದಲ ದಿನವೇ ಒಂದು ಪೇಚಾಟವಾಯಿತು. ನಾವು ಕಟ್ಟಿ ಮುಗಿಸಿ ಆ ಕಡೆ ತಿರುಗುವಷ್ಟರಲ್ಲಿ ಲಚ್ಚಿ ಕತ್ತು ಹೊರಳಿಸಿ, ಮೊಳದುದ್ದ ನಾಲಿಗೆ ಚಾಚಿ, ಪಟ್ಟಿ ಸರಿಸಿ, ಶಿವನ ಜೇನನ್ನು ಚಪ್ಪರಿಸುತ್ತಿದ್ದಳು. ಎರಡು ದಿನದಿಂದ ಮೇವು ಬಿಟ್ಟಿದ್ದ ಹಸು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವ್ವ ಹಳೆಯ ಬಿದಿರಿನ ಮೊರದ ನಡುವೆ ತೂತು ಕೊರೆದು, ಸೀಳಿ, ಕೊರಳಿಗೆ ಹಾಕಿ ಹೊಲಿದಳು. ಆ ಮೇಲೆ ಲಚ್ಚಿಯ ಮುಖ ಮೊರದಲ್ಲಿಟ್ಟ ಬಾಗಿನದ ಹಾಗೆ ಕಾಣುತ್ತಿತ್ತು. ಬೀದಿಯವರೆಲ್ಲ ನೋಡುವುದಕ್ಕೆ ಬಂದರು. ಸುಟ್ಟ ಹಸುವಿಗೆ ಶಿವನ ಜೇನು ಹಚ್ಚುತ್ತಾರಂತೆ, ಮೊರ ಕಟ್ಟುತ್ತಾರಂತೆ ಎಂದು ನುಗ್ಗೇಹಳ್ಳಿಯವರೆಗೂ ನಗೆಪಾಟಲಾಯಿತು. ದೊಡ್ಡಪ್ಪ ಆ ದಿನಗಳಲ್ಲಿ ಅರಳಿಕಟ್ಟೆಗೆ ಹೋಗುವುದನ್ನೇ ಬಿಟ್ಟರು.

ಐದನೇ ದಿನಕ್ಕೆ ವಾಸನೆ ಹೋಯಿತು. ಹತ್ತನೆಯ ದಿನ ಬಟ್ಟೆ ಎತ್ತಿದಾಗ, ಮೊದಲ ದಿನ ಡಾಕ್ಟರು ಹಾಗೇ ಬಿಟ್ಟಿದ್ದ ನೈಲಾನಿನ ತುಂಡು, ಕೆಳಗಿನ ಕರಿಚರ್ಮದ ಸಮೇತ ಬಟ್ಟೆಗೇ ಅಂಟಿ ಎದ್ದುಬಂತು. ರಕ್ತವಿಲ್ಲ. ಲಚ್ಚಿ ಕಾಲು ಸಹ ಎತ್ತಲಿಲ್ಲ. ಅಡಿಯಲ್ಲಿ ಕೆಂಪಗೆ, ಒದ್ದೆಯಾಗಿ, ಸಣ್ಣ ಸಣ್ಣ ಕಾಳಿನಂಥ ಹೊಸ ಮಾಂಸ. ನಾನು ಹೆದರಿ ಕೂಗಿದೆ. ಮಾರನೆಯ ದಿನ ಬಂದ ಡಾಕ್ಟರು ಅದನ್ನು ನೋಡಿ ನನ್ನ ತಲೆ ಸವರಿದರು, "ಇದೇ ನೋಡಮ್ಮ ನಮಗೆ ಬೇಕಾಗಿದ್ದು" ಅಂದರು. ಜಗತ್ತಿನಲ್ಲಿ ಹಾಳು ಮಾಡಿದ ಕೈಯೇ ಸರಿ ಮಾಡುವುದಕ್ಕೂ ಆಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು. ಆಮೇಲೆ ನಾನು ದನದ ಆಸ್ಪತ್ರೆಗಳಲ್ಲೇ ಕೆಲಸ ಮಾಡಿ, ಹಾಸನದಲ್ಲಿ ನಿವೃತ್ತಿಯ ಅಂಚಿಗೆ ಬಂದಿದ್ದೇನೆ. ಈಗ ಜೇನು ಸವರಿದ ಪಟ್ಟಿಗಳೇ ಪ್ಯಾಕೆಟ್ಟಿನಲ್ಲಿ ಬರುತ್ತವೆ, ಹೊಸ ಡಾಕ್ಟರುಗಳು ಮೊಬೈಲಿನಲ್ಲಿ ಅದರ ಬಗ್ಗೆ ಓದಿ ನನಗೆ ವಿವರಿಸುತ್ತಾರೆ. ನಾನು ತಾಳ್ಮೆಯಿಂದ ಕೇಳುತ್ತೇನೆ. ಜೇನು ಎಲ್ಲದಕ್ಕೂ ಮದ್ದಲ್ಲ, ಅವತ್ತು ಆ ಇಂಜೆಕ್ಷನ್ ಇಲ್ಲದಿದ್ದರೆ ಲಚ್ಚಿ ಉಳಿಯುತ್ತಿರಲಿಲ್ಲ ಎಂದೂ ಸೇರಿಸುತ್ತೇನೆ. ಆದರೆ ಆ ಕೆಂಪು ಕಾಳುಗಳನ್ನು ಮೊದಲು ನೋಡಿದವಳು ನಾನು ಎಂಬ ಜಂಬ ಇನ್ನೂ ಇಳಿದಿಲ್ಲ.

ಗಾಯದ ಅಂಚು ದಿನಕ್ಕೊಂದು ಭತ್ತದಷ್ಟು ಒಳಗೆ ಸರಿಯಿತು. ನಾನು ಗರಿಕೆಯ ಕಡ್ಡಿಯಿಂದ ಅಳೆದು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದೆ. ದೊಡ್ಡಪ್ಪ ಕೊಟ್ಟಿಗೆಗೆ ಬರುತ್ತಿದ್ದರು, ಎತ್ತಿಗೆ ಹುಲ್ಲು ಹಾಕುತ್ತಿದ್ದರು, ಲಚ್ಚಿಯ ಕಡೆ ಮಾತ್ರ ನೋಡುತ್ತಿರಲಿಲ್ಲ. ಒಂದು ದಿನ ಅವರು ಯಾರೂ ಇಲ್ಲವೆಂದುಕೊಂಡು ಗೋಡೆಯ ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದುದನ್ನು ಕಂಡೆ. ಆದರೂ ಆಡಿದ ಮಾತು ಆಡಿದ್ದೇ. ಶಿವರಾತ್ರಿಯ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಹೆಗಲ ಮೇಲೆ ಹಗ್ಗ ಹಾಕಿಕೊಂಡು ದಲ್ಲಾಳಿ ಬಂದು ಅಂಗಳದಲ್ಲಿ ನಿಂತ. ಅಪ್ಪ ಮನೆಯಲ್ಲೇ ಇದ್ದರು; ಪೇಪರು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಜಾಡಿಯಲ್ಲಿ ಜೇನು ತಳ ಕಂಡಿತ್ತು.

"ಮಗಾ, ಲಚ್ಚಿ ಅಗ್ಗ ಬಿಚ್ಚು ಅಂತ ನಿಮ್ಮವ್ವಂಗೆ ಏಳು," ಎಂದರು ದೊಡ್ಡಪ್ಪ, ನೆಲ ನೋಡುತ್ತ.

ನಾನು ನಿಂತಲ್ಲೇ ನಿಂತೆ.

"ಏಳೇ."

ನನ್ನ ಕಾಲು ಕದಲಲಿಲ್ಲ. ಇಷ್ಟು ವರ್ಷ ಮಾತನ್ನು ತಿರುಚಿದ್ದೆ, ಸೋಸಿದ್ದೆ, ಸುಳ್ಳು ಮಾಡಿದ್ದೆ. ತೆಗೆದುಕೊಂಡು ಹೋಗುವುದಿಲ್ಲ ಎಂದದ್ದು ಅದೇ ಮೊದಲು. ದೊಡ್ಡಪ್ಪ ತಲೆಯೆತ್ತಿದರು. ಆಗ ನಡುಮನೆಯ ಬಾಗಿಲ ಹಿಂದಿನಿಂದ ಅವ್ವ ಹೊರಗೆ ಬಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದಳು, ಕೈಗೆ ಹಿಟ್ಟು ಮೆತ್ತಿತ್ತು. ಹಜಾರದ ನಡುವೆ, ದೊಡ್ಡಪ್ಪನ ಎದುರಿಗೆ, ಮೂರು ಅಡಿ ದೂರದಲ್ಲಿ ನಿಂತಳು.

"ಭಾವ, ಬಂದು ಮುಟ್ಟಿ ನೋಡಿ. ಆಮ್ಯಾಕೆ ಏನಾರ ಏಳಿ."

ದೇವರ ಮನೆಯಲ್ಲಿ ಅಜ್ಜಿಯ ಗಂಟೆ ನಿಂತಿತು. ಅಪ್ಪನ ಕೈಯಲ್ಲಿ ಪೇಪರು ಕೆಳಗಿಳಿಯಿತು. ದೊಡ್ಡಪ್ಪ ಅಭ್ಯಾಸಬಲದಿಂದ ನನ್ನ ಕಡೆ ನೋಡಿದರು, ನಾನು ಅದನ್ನು ಮತ್ತೊಮ್ಮೆ ಹೇಳಲಿ ಎಂದು. ನಾನು ತುಟಿ ಬಿಗಿಹಿಡಿದೆ. ನನಗೆ ಹೆದರಿಕೆಗಿಂತ ಖುಷಿಯೇ ಹೆಚ್ಚಾಗಿತ್ತು. ನಮ್ಮವ್ವನ ದನಿ ಅಷ್ಟು ದೊಡ್ಡದಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ದೊಡ್ಡಪ್ಪ ಎದ್ದು, ಕೊಟ್ಟಿಗೆಯ ಗೋಡೆ ದಾಟಿ, ತಾವೇ ಪಟ್ಟಿ ಬಿಚ್ಚಿದರು. ಊಟದೆಲೆಯಷ್ಟಿದ್ದ ಗಾಯ ಅಂಗೈಯಗಲಕ್ಕೆ ಬಂದಿತ್ತು. ಉಳಿದ ಕಡೆಯೆಲ್ಲ ತೆಳ್ಳನೆಯ ಹೊಸ ಚರ್ಮ, ಅಂಚಿನಲ್ಲಿ ಬೂದುಬಣ್ಣದ ಎಳೆಗೂದಲು. ಅವರು ಅಂಗೈ ಇಟ್ಟು ಒತ್ತಿ ನೋಡಿದರು. ಆಮೇಲೆ ಗೋದಲಿಯಿಂದ ಒಂದು ಹುಲ್ಲುಕಡ್ಡಿ ಎಳೆದು, ಹೊಸ ಚರ್ಮದ ಮೇಲೆ ಹಗುರವಾಗಿ ಗೀರಿದರು. ಚರ್ಮ ಜುಂ ಎಂದು ಅದುರಿತು, ನೊಣ ಕೂತರೆ ದನ ಅದುರಿಸುತ್ತದಲ್ಲ, ಹಾಗೆ. ಇನ್ನೊಮ್ಮೆ ಗೀರಿದರು. ಅದುರಿದ್ದಷ್ಟೇ ಅಲ್ಲ, ಬಾಲ ಬೀಸಿ ಬಂದು ದೊಡ್ಡಪ್ಪನ ಕೆನ್ನೆಗೆ ಬಿತ್ತು.

"ಚರ್ಮ ಬದ್ಕದೆ," ಎಂದರು ಯಾರಿಗೂ ಅಲ್ಲದ ಹಾಗೆ. ಕೆನ್ನೆ ಒರೆಸಿಕೊಳ್ಳಲೂ ಇಲ್ಲ.

"ಒಡ್ಕೊಂಡ್ ಓಗ್ಲಾ ಯಜಮಾನ್ರೇ?" ದಲ್ಲಾಳಿ ಅಂಗಳದಿಂದ ಕೇಳಿದ.

"ನೀನ್ ಓಗಪ್ಪ. ಇದು ಮನೆ ದನ."

ಅವನು ಹೋದ. ಅವ್ವ ಒಳಗೆ ಹೋಗದೆ ಅಲ್ಲೇ ನಿಂತಿದ್ದಳು. ನಾನೂ ಗೋಡೆ ಹತ್ತಿ ಇಳಿದು ದೊಡ್ಡಪ್ಪನ ಮುಂದೆ ಹೋದೆ.

"ದೊಡ್ಡಪ್ಪ, ಸೀರೆ ಕಟ್ಟಿದ್ದು ನಾನು. ಅವ್ವಂಗೆ ಗೊತ್ತೇ ಇರ್ನಿಲ್ಲ. ನೀವು ಬೈದಿದ್ದೆಲ್ಲ ನನಗೆ ಸೇರ್ಬೇಕು."

ದೊಡ್ಡಪ್ಪ ನನ್ನನ್ನು ನೋಡಿದರು. "ಅದ್ಕೇಯಾ ದಿನಾ ನೀನೇ ಕುಂತು ತೊಳೀತಿದ್ದೆ?" ಎಂದರು. ಹೌದೆಂದು ತಲೆಯಾಡಿಸಿದೆ. ಹೊಡೆಯುತ್ತಾರೆ ಅಂದುಕೊಂಡೆ. ಅವರು ಹುಲ್ಲುಕಡ್ಡಿಯನ್ನು ಬೆರಳಲ್ಲಿ ತುಂಡು ತುಂಡಾಗಿ ಮುರಿದರು. ಏಳು ವಾರ ನನ್ನ ಕೈಯಲ್ಲಿ ಅವ್ವನಿಗೆ ಕಳಿಸಿದ ಒಂದೊಂದು ಮಾತೂ ಅವರಿಗೆ ವಾಪಸ್ಸು ಬರುತ್ತಿತ್ತೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆಮೇಲೆ ಗೋಡೆ ದಾಟಿ ಹಜಾರಕ್ಕೆ ಬಂದು, ಗೂಟದಿಂದ ಅಂಗಿ ತೆಗೆದು ತೊಟ್ಟುಕೊಂಡು, ಗುಂಡಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ, ಅವ್ವನನ್ನೇ ನೋಡಿ ಕೇಳಿದರು:

"ಇನ್ನೂ ಅಂಗೈಯಗ್ಲ ಉಳ್ದದೆ. ಜಾಡಿ ಬರಿದಾಗದೆ. ನಾಳೆ ಸಿವಂಗೂ ಬೇಕು. ನಿಮ್ಮೂರ್ಗೆ ಓಗಾಕೆ ಎಲ್ಲಿ ಬಸ್ ಇಳೀಬೇಕವ್ವಾ?"

ಅವ್ವ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ಒಳೆನರಸೀಪುರದಾಗೆ ಇಳ್ದು ಅರಕಲಗೂಡು ಬಸ್ ಅತ್ತಿ ಭಾವ. ಅಲ್ಲಿಂದ ರುದ್ರಪಟ್ಣದ ಬಸ್ಸು. ನಾನೇ ಕಳ್ಸ್ದೆ ಅಂತ ನಮ್ಮಣ್ಣಂಗೆ ಏಳಿ."

"ಏಳ್ತೀನಿ ಕಣವ್ವಾ," ಎಂದು ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡರು.